ಏಜೆಂಟರು ಉಸಿರು ಹಿಡಿದದ್ದು

ಎರಡು ನಿಮಿಷ! ಬಾಯಿ ಮಾತ್ರವಲ್ಲ, ಮೂಗನ್ನೂ ಮುಚ್ಚಿ, ಭರ್ತಿ ಎರಡು ನಿಮಿಷ ಉಸಿರು ಹಿಡಿದು ತೋರಿಸದಿದ್ದರೆ ತನ್ನ ಹೆಸರು ಉದಯಶಂಕರನೇ ಅಲ್ಲ ಎಂದು ಆಲಂಕಾರು ಊರಿನ ಬಸ್ ಏಜೆಂಟ್ ಉದಯಶಂಕರ ಶಪಥ ಮಾಡಿದ. ಅರುವತ್ತೊಂದನೆಯ ಇಸವಿಯ ಆ ಭೀಷಣ ಪ್ರತಿಜ್ಞೆಗೆ ಸಾಕ್ಷಿಯಾಗಿ ಮನೆಯಲ್ಲಿದ್ದದ್ದು ಒಂದು ಟೈಂಪೀಸು ಮಾತ್ರ.

ಹೆಂಡತಿ ಈಶ್ವರಿ ತಿಂಗಳ ಹಿಂದೆಯೇ ಪುತ್ತೂರಿನ ತವರಿಗೆ ಹೋಗಿದ್ದಳು. ಹೊರಡುವಾಗ ಹೇಳಿದ್ದು ಇಷ್ಟೇ: "ಒಂದು ನಿಮಿಷ ಬಾಯಿ ಮುಚ್ಚಿ ಕೂತ್ಕೊಳ್ಲಿಕ್ಕೆ ನಿಮ್ಮಿಂದ ಆಗುದಿಲ್ಲ. ಆದ ದಿನ ಹೇಳಿ ಕಳಿಸಿ, ಬರ್ತೇನೆ."

ಆರೋಪ ಸುಳ್ಳಲ್ಲ. ಹೆರಿಗೆ, ಮದುವೆ, ಸಾವು, ಎಲ್ಲ ಸುದ್ದಿಯೂ ಬಸ್ಸಿನಲ್ಲಿ ಬಂದು ಅವನ ಬಾಯಿಂದಲೇ ಊರಿಗೆ ಹಂಚಿಹೋಗುತ್ತಿತ್ತು. ಸಾವಿನ ಸುದ್ದಿಯಾದರೆ ಮಾತ್ರ, ಹೇಳುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಏಜೆಂಟ ಸುಮ್ಮನಾದನೆಂದರೆ ಜನ ಹೆಗಲ ಬೈರಾಸು ವಸ್ತ್ರ ಕೈಗೆ ತೆಗೆದುಕೊಂಡು "ಯಾರು ಹೋದದ್ದು?" ಎಂದು ಕೇಳುತ್ತಿದ್ದರು.

ಅಭ್ಯಾಸ ಮನೆಯಲ್ಲಿ ಶುರುವಾಯಿತು. ನಲವತ್ತು ಸೆಕೆಂಡು ದಾಟಿದ ದಿನ ಅಡಿಗೆಮನೆಯ ಕಡೆ ತಿರುಗಿ "ಕಂಡೆಯಾ!" ಎಂದ. ಅಲ್ಲಿ ನಿನ್ನೆಯ ಗಂಜಿಪಾತ್ರೆ ಇತ್ತು. ಅವತ್ತು ಅವನಿಗೆ ಊಟ ಸೇರಲಿಲ್ಲ. ಊರಿಗೆಲ್ಲ ಸುದ್ದಿ ಮುಟ್ಟಿಸುವವನಿಗೆ, ತನ್ನ ಸುದ್ದಿ ಹೇಳಿಕೊಳ್ಳಲು ಮನೆಯಲ್ಲಿ ಒಂದು ಕಿವಿಯೂ ಇರಲಿಲ್ಲ.

ಸೋಮವಾರ ಟೈಂಪೀಸನ್ನು ಬಸ್ ಸ್ಟ್ಯಾಂಡಿನ ಮೇಜಿಗೇ ತಂದ. ಸುಬ್ರಹ್ಮಣ್ಯದಿಂದ ಪುತ್ತೂರಿಗೆ ಹೋಗುವ ಬಸ್ಸು ದಿನಾ ಮುಕ್ಕಾಲು ಗಂಟೆ ತಡ. ಅಷ್ಟರೊಳಗೆ ದಾಖಲೆ ಮಾಡಿ, ಕಂಡಕ್ಟರ್ ಹಂಝನ ಕೈಯಲ್ಲೇ ಈಶ್ವರಿಗೆ ಸುದ್ದಿ ಕಳಿಸುವ ಯೋಚನೆ. ಮೂಗು ಹಿಡಿದ. ಐವತ್ತು ಸೆಕೆಂಡು ದಾಟಿತು. ಹಾಳು ಬಸ್ಸು, ಜನ್ಮದಲ್ಲಿ ಮೊದಲ ಬಾರಿಗೆ ಸರಿಯಾದ ಹೊತ್ತಿಗೆ ಬಂದು ನಿಂತಿತು!

ಅರ್ಧದಲ್ಲಿ ಬಿಡುವುದುಂಟೇ? ಉದಯಶಂಕರ ಬಿಡಲಿಲ್ಲ.

"ಏಜೆಂಟ್ರೆ, ಎಂತ ಮಾತಿಲ್ಲ?" ಹಂಝ ಕೆಳಗಿಳಿದ.

ಮಾತಿಲ್ಲ. ಮುಖ ಕೆಂಪು, ಕಣ್ಣಲ್ಲಿ ದಳದಳ ನೀರು.

ವೀಳ್ಯದೆಲೆ ಮಾರುವ ದುಗ್ಗಮ್ಮ ಎದೆಗೆ ಕೈಯಿಟ್ಟಳು. "ಅಯ್ಯೋ, ಯಾರು ಹೋದದ್ದು ಮಾರಾಯ್ರೆ?"

ನೀವು ಹೊರಡಿ ಎಂಬಂತೆ ಅವನು ಪುತ್ತೂರಿನ ರಸ್ತೆಯ ಕಡೆ ಕೈಬೀಸಿದ.

"ಪುತ್ತೂರಲ್ಲಿಯಾ? ಬೆಳಗಿನ ಬಸ್ಸಲ್ಲಿ ಸುದ್ದಿ ಬಂತಾ?" ಹಂಝ ಒಂದು ಹೆಜ್ಜೆ ಹತ್ತಿರ ಬಂದ. "ಈಶ್ವರಿಯಕ್ಕನಾ?"

ಎಪ್ಪತ್ತೆಂಟನೆಯ ಸೆಕೆಂಡಿಗೆ ಉದಯಶಂಕರನ ಕಣ್ಣು ಕತ್ತಲಿಟ್ಟಿತು. ಬಸ್ಸಿಗೆ ಹಾಕಲು ಇಟ್ಟಿದ್ದ ಅಕ್ಕಿಮೂಟೆಯ ಮೇಲೆ ಉರುಳಿದ. ಎಚ್ಚರವಾದಾಗ ದುಗ್ಗಮ್ಮ ಅಳುತ್ತಾ ಸೆರಗಿನಿಂದ ಗಾಳಿ ಹಾಕುತ್ತಿದ್ದಳು, ಬಸ್ಸು ಹೋಗಿಯಾಗಿತ್ತು.

"ಅವಳು ಸಾಯಲಿಲ್ಲ! ನಾನು ಉಸಿರು ಹಿಡಿದದ್ದು!" ಎಂದು ಕೂಗಿದ.

"ದುಃಖದಲ್ಲಿ ಹಾಗೇ ತೋರುದು ಮಗಾ," ಎಂದಳು ದುಗ್ಗಮ್ಮ.

ಬಂದವರಿಗೆಲ್ಲ ನಿಜ ಹೇಳಿದ. ಅವರು ಬೆನ್ನು ಸವರಿ ಹೋದರು. ಇಷ್ಟು ವರ್ಷ ಅವನು ಆಡಿದ್ದನ್ನೆಲ್ಲ ನಂಬಿದ ಊರು, ಅವತ್ತು ಒಂದು ಮಾತನ್ನೂ ನಂಬಲಿಲ್ಲ. ಸಂಜೆಯವರೆಗೆ ಮೇಜಿನ ಹಿಂದೆ ಒಬ್ಬನೇ ಕುಳಿತ. ಇನ್ನು ಈಶ್ವರಿ ತನ್ನ ಯಾವ ಮುಖ ನೋಡಿ ಬಂದಾಳು ಎಂದು ಯೋಚಿಸಿ, ಈ ಸಲ ನಿಜವಾಗಿಯೇ ಅತ್ತ.

ಸಂಜೆಯ ಬಸ್ಸಿನಿಂದ ಟ್ರಂಕು ಹಿಡಿದು ಈಶ್ವರಿ ಇಳಿದಳು. ಹಿಂದೆ, ತಲೆ ತಗ್ಗಿಸಿಕೊಂಡು ಹಂಝ.

"ನಾನು ಸತ್ತೆನಂತೆ! ಇವ ನಮ್ಮ ಬಾಗಿಲಲ್ಲಿ ನಿಂತು, ಅಕ್ಕನ ಮುಖ ಒಮ್ಮೆ ನೋಡ್ಬೇಕು ಅಂತ ನನ್ನ ಹತ್ರವೇ ಅತ್ತ. ಕೂರಿಸಿ ಚಾ ಕೊಟ್ಟೆ."

ಉದಯಶಂಕರನ ಬಾಯಿ ಮುಚ್ಚಿತು. ತಲೆ ಕೆಳಗೆ ಹಾಕಿ ನಿಂತ. ಟೈಂಪೀಸು ಟಿಕ್ ಟಿಕ್ ಎನ್ನುತ್ತಿತ್ತು. ಅರ್ಧ ನಿಮಿಷ. ಒಂದು. ಒಂದೂವರೆ.

ಈಶ್ವರಿ ಗಾಬರಿಯಿಂದ ಟ್ರಂಕನ್ನು ಕೆಳಗಿಟ್ಟಳು.

"ಎಂತಾದ್ರೂ ಮಾತಾಡಿ ಮಾರಾಯ್ರೆ! ಇನ್ನು ಯಾರನ್ನು ಸಾಯಿಸ್ಲಿಕ್ಕುಂಟು?"