ದೇವರ ಮುಂದೆ ಇಟ್ಟ ನೋಟೀಸು

ನಿಮ್ಮಜ್ಜಿ ಭಾರಿ ಜಾಣೆ, ಅವಳಿಗೆ ಯಾರೂ ಮೋಸ ಮಾಡಲಾರರು ಎಂದು ನಿಮ್ಮಪ್ಪ ಹೇಳಿಕೊಂಡು ತಿರುಗುತ್ತಾನೆ, ಮಕ್ಕಳೇ. ಹೆತ್ತ ಮಗನ ಮಾತನ್ನು ಸುಳ್ಳು ಮಾಡಬಾರದೆಂದು ಇಷ್ಟು ವರ್ಷ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನನ್ನನ್ನು ಕಾಪಾಡಿದ್ದು ಬುದ್ಧಿಯಲ್ಲ, ಪಂಚಾಂಗ.

ನಿಮ್ಮ ತಾತ ತೀರಿಕೊಂಡ ಮೇಲೆ ಬಳೆ ಮಾರಿ, ಪೀಣ್ಯದ ಶೆಡ್ಡುಗಳ ಸಾಲಿನಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿದೆ. ನನಗೋ ಗಂಡಸರ ಮುಖ ನೋಡಿ ಮಾತಾಡಲು ನಾಚಿಕೆ. ನುಣ್ಣಗೆ ಬೇಕೋ ತರಿಯೋ ಎಂಬುದನ್ನೂ ರಾಗಿ ಡಬ್ಬವನ್ನೇ ಕೇಳುತ್ತಿದ್ದೆ. ಮೂರನೆಯ ವಾರ ಒಂದು ಕಂದು ಲಕೋಟೆ ಬಂತು. ಒಳಗೆಲ್ಲ ಇಂಗ್ಲಿಷು, ಕೆಂಪು ಅಕ್ಷರ, ಮೇಲೆ ಸಿಂಹಗಳ ಮುದ್ರೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳಿಗೆ ಹೆದರಲು ಅಷ್ಟು ಸಾಕಾಗಿತ್ತು. ಪಕ್ಕದ ಲೇತ್ ಶೆಡ್ಡಿನ ನಂಜುಂಡಪ್ಪನವರಿಗೆ ಕೊಟ್ಟೆ. ಅವರು ದೊಡ್ಡ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಇಂಗ್ಲಿಷ್ ಬಲ್ಲವರು.

"ಫೈನಲ್ ನೋಟೀಸು ಕಣಮ್ಮ! ರಿಜಿಸ್ಟ್ರೇಷನ್ನಿಗೆ ಏಳು ದಿನದೊಳಗೆ ದಿಲ್ಲಿಗೆ ನೂರೈವತ್ತು ರೂಪಾಯಿ ಮನಿಯಾರ್ಡರ್ ಮಾಡ್ಬೇಕು. ಇಲ್ದಿದ್ರೆ ಗಿರಣಿಗೆ ಬೀಗ. ನಂಗೂ ಬಂದಿತ್ತು, ಬೆಳಿಗ್ಗೇನೇ ಕಳಿಸ್ಬಿಟ್ಟೆ."

ಅಂದು ಸೋಮವಾರ, ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ದುಡ್ಡು ಆಚೆ ಹೋಗಬಾರದು. ಲಕೋಟೆಗೆ ಕುಂಕುಮ ಇಟ್ಟು ದೇವರ ಗೂಡಿನಲ್ಲಿ ನಿಲ್ಲಿಸಿದೆ. ಮರುದಿನ ಮಂಗಳವಾರ, ಕೊಡಬಾರದು. ಬುಧವಾರ ಅಮಾವಾಸ್ಯೆ. ಗುರುವಾರ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಂಡು ಅಂಚೆ ಕಚೇರಿಗೆ ಹೋದೆ. ಅಲ್ಲಿ ಬರೀ ಗಂಡಸರ ಸಾಲು. ಸಾಲು ಕರಗಲಿ ಎಂದು ಗೋಡೆ ಒರಗಿ ನಿಂತೆ. ಸಾಲು ಕರಗುವಷ್ಟರಲ್ಲಿ ಕಿಟಕಿಯೂ ಮುಚ್ಚಿತು. ಶುಕ್ರವಾರವಂತೂ ಲಕ್ಷ್ಮಿಯನ್ನು ಹೊಸ್ತಿಲು ದಾಟಿಸುವವರುಂಟೇ?

"ಶುಕ್ರವಾರ ನಿಮ್ಮ ಲಕ್ಷ್ಮಿ ಮನೇಲಿರ್ತಾಳೆ ಬಿಡಿ," ಎಂದು ನಂಜುಂಡಪ್ಪ ನಕ್ಕರು. "ಸೋಮವಾರ ಸೀಲ್ ಒಳಗಿರ್ತಾಳೆ!"

ಶನಿವಾರ ಗಿರಣಿ ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನನ ಮುಂದೆ ಲಕೋಟೆ ಚಾಚಿ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು ಬಾಯಿಬಿಟ್ಟೆ. ಬೀಗ ಹಾಕಿದರೆ ನಿಮ್ಮಪ್ಪನ ಹೊಟ್ಟೆಗೆ ಏನು ಹಾಕಲಿ ಎಂದು ಅತ್ತೂಬಿಟ್ಟೆ.

"ಅಯ್ಯೋ, ಇದಾ? ಬೋರ್ಡ್ ಇರೋರಿಗೆಲ್ಲ ಕೊಟ್ಟಿದೀನಿ ಕಣಮ್ಮ. ಮುನೇಶ್ವರನ ಗುಡೀಗೂ ಬಂದಿತ್ತು. 'ಪ್ರೊಪ್ರೈಟರ್, ಮುನೇಶ್ವರ' ಅಂತ! ಕಟ್ಟದಿದ್ರೆ ಅವನ್ಗೂ ಬೀಗ ಅಂತೆ." ಆಮೇಲೆ ಕಾಗದದ ಬುಡದಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿದ್ದುದನ್ನು ಬೆಳಕಿಗೆ ಹಿಡಿದು ಓದಿ ಹೇಳಿದ: ಇದು ಸರ್ಕಾರಿ ಕಾಗದವಲ್ಲ, ಇಷ್ಟವಿದ್ದರೆ ಮಾತ್ರ ಹಣ ಕಳಿಸಿ. ಮುದ್ರೆಯನ್ನೂ ಹತ್ತಿರದಿಂದ ನೋಡಿದೆ. ಸಿಂಹಗಳಲ್ಲ, ಬೆಕ್ಕುಗಳ ಹಾಗಿದ್ದವು.

ನಂಜುಂಡಪ್ಪನವರ ದುಡ್ಡು ಹೋಯಿತು, ನನ್ನ ಹೆಸರು ಮೇಲೆ ಬಂತು. "ನೋಡೋಕೆ ಸಾಧು, ಒಳಗೆ ಕಿಲಾಡಿ" ಎಂದು ಬೀದಿಯೆಲ್ಲ ಮಾತಾಡಿಕೊಂಡಿತು. ಶೆಡ್ಡಿನವರು ತಮ್ಮ ತಮ್ಮ ಲಕೋಟೆಗಳನ್ನು ನನಗೆ ತಂದು ತೋರಿಸತೊಡಗಿದರು. ನಾನು ಕನ್ನಡಕ ಹಾಕಿಕೊಂಡು, ಒಂದಕ್ಷರವೂ ತಿಳಿಯದೆ, "ಎಂಟು ದಿನ ದೇವರ ಮುಂದೆ ಇಟ್ಟು ನೋಡಿ" ಎನ್ನುತ್ತಿದ್ದೆ. ಹೊಗಳಿಕೆ ಇದೆಯಲ್ಲ, ಅದು ನಾಚಿಕೆಗೆ ಒಳ್ಳೆಯ ಔಷಧ.

ಹೀಗಿರುವಾಗ ನನಗೇ ಇನ್ನೊಂದು ಕಂದು ಲಕೋಟೆ ಬಂತು. ಅದೇ ಇಂಗ್ಲಿಷು, ಅದೇ ಏಳು ದಿನ. ಕಳ್ಳರಿಗೆ ಬೇರೆ ಲೆಕ್ಕವೇ ಬರುವುದಿಲ್ಲ ಎಂದು ನಗುತ್ತಾ, ಯಾರಿಗೂ ತೋರಿಸದೆ ಕುಂಕುಮ ಇಟ್ಟೆ. ಒಂಬತ್ತನೆಯ ದಿನ ರಾಗಿ ಬೀಸುತ್ತಿದ್ದ ಕಲ್ಲು ಗರ್ರೆಂದು ನಿಂತಿತು. ಆಚೆ ಬಂದು ನೋಡಿದರೆ ಲೈನ್‌ಮ್ಯಾನ್ ಗಿರಣಿಯ ಫ್ಯೂಸು ಕಿತ್ತು ಕೈಯಲ್ಲಿ ಹಿಡಿದಿದ್ದ.

"ಎರಡು ತಿಂಗಳ ಬಿಲ್ ಬಾಕಿ. ನೋಟೀಸು ಕಳ್ಸಿದ್ವಲ್ಲಮ್ಮ?"

"ದೇವರ ಮುಂದೆ ಇಟ್ಟಿದ್ದೆ..."

"ದೇವ್ರೂ ಕಟ್ಟಿಲ್ವಲ್ಲಮ್ಮ!"

ಗಿರಣಿ ಮುಂದೆ ಸಾಲಿನಲ್ಲಿ ನಿಂತವರು ಯಾರೂ ನಗಲಿಲ್ಲ. ಅವರಲ್ಲಿ ಮೂವರು ರಾಗಿ ಡಬ್ಬದ ಜೊತೆ ಒಂದೊಂದು ಲಕೋಟೆಯನ್ನೂ ನನಗೆ ತೋರಿಸಲು ತಂದಿದ್ದರು.