ನಾಲ್ಕು ಒಬ್ಬಟ್ಟು ಮತ್ತು ಒಂದು ಬ್ಲಾಕ್‌ಚೈನ್

ಹಾಸನದ ಕಾಲೇಜೊಂದರ ಎರಡನೇ ಮಹಡಿಯ ಲ್ಯಾಬಿನಲ್ಲಿ ನಾಲ್ಕು ಕಾಯಿ ಒಬ್ಬಟ್ಟು ನಾಪತ್ತೆಯಾಗಿವೆ. ಘಟನೆ ನಡೆದಾಗ ಸ್ಥಳದಲ್ಲಿ ಒಬ್ಬ ಅತಿಥಿ ಉಪನ್ಯಾಸಕರೂ ಇದ್ದರು. ಪ್ರಾಣಹಾನಿ ಸಂಭವಿಸಿಲ್ಲ.

ಆ ಅತಿಥಿ ಉಪನ್ಯಾಸಕ ನಾನೇ. ಪದವಿಯ ಕೊನೆಯ ವರ್ಷದವರಿಗೆ ಬ್ಲಾಕ್‌ಚೈನ್ ಪಾಠ ಮಾಡುತ್ತೇನೆ. ಪಾಠ ಶುರುವಾದಾಗಿನಿಂದ ಇಂಥ ಘಟನೆಗಳು ಒಂದರ ಹಿಂದೊಂದು ನಡೆಯುತ್ತಲೇ ಇವೆ. ವಿಷಯ ಹೊಸದು. ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ಸೆಮಿಸ್ಟರ್ ಕೊನೆಗೆ ತಪಾಸಣೆ ಸಮಿತಿ ಬರುತ್ತೆ. ಕೆಲಸ ಮಾಡೋ ಅಂಥದ್ದೇನಾದ್ರೂ ಮಕ್ಕಳು ಮಾಡಿ ತೋರಿಸಿದ್ರೆ ಸಬ್ಜೆಕ್ಟ್ ಉಳಿಯುತ್ತೆ. ಇಲ್ಲಾಂದ್ರೆ ಸಬ್ಜೆಕ್ಟೂ ಇಲ್ಲ, ನೀವೂ ಇಲ್ಲ."

ಇಷ್ಟು ಚೊಕ್ಕವಾಗಿ ನನ್ನನ್ನು ಹಿಂದೆ ಯಾರೂ ಸ್ವಾಗತಿಸಿರಲಿಲ್ಲ.

೧. ಒಬ್ಬಟ್ಟು

ಒಬ್ಬಟ್ಟು ಇದ್ದದ್ದು ಚನ್ನರಾಯಪಟ್ಟಣದಿಂದ ಬರುವ ಹುಡುಗನ ಡಬ್ಬಿಯಲ್ಲಿ. ಕಳವನ್ನೇ ಪಾಠಕ್ಕೆ ಬಳಸಿಕೊಂಡೆ.

"ಬ್ಲಾಕ್‌ಚೈನ್ ಅಂದ್ರೆ ಲೆಕ್ಕ ಒಬ್ಬರ ಹತ್ತಿರ ಇರಲ್ಲ. ಎಲ್ಲರ ಹತ್ತಿರವೂ ಒಂದೊಂದು ಪ್ರತಿ ಇರುತ್ತೆ. ಹೆಚ್ಚು ಜನರ ಪ್ರತಿ ಏನು ಹೇಳುತ್ತೋ ಅದೇ ಸತ್ಯ. ಈಗ ಇಲ್ಲಿ ನಡೆದದ್ದನ್ನ ಎಲ್ಲರೂ ಬರೀರಿ. ಕಳ್ಳ ಸಿಕ್ಕೇ ಸಿಗ್ತಾನೆ."

ಬರೆದರು. ಮೊದಲು ಅಲ್ಪಸ್ವಲ್ಪ ವ್ಯತ್ಯಾಸವಿತ್ತು. ಚರ್ಚಿಸಲು ಸ್ವಲ್ಪ ಸಮಯ ಕೊಟ್ಟೆ. ಆಮೇಲೆ ಎಲ್ಲರ ಪ್ರತಿಯೂ ಅಕ್ಷರಶಃ ಒಂದೇ ಆಯಿತು: ಡಬ್ಬಿಯಲ್ಲಿ ಒಬ್ಬಟ್ಟು ಇರಲೇ ಇಲ್ಲ.

ಬೆರಳಲ್ಲಿ ಇನ್ನೂ ತುಪ್ಪ ಮಿನುಗುತ್ತಿದ್ದ ಅರಕಲಗೂಡಿನ ಹುಡುಗ ಎದ್ದು ನಿಂತು, "ಬಹುಮತ ಸಾ," ಎಂದ.

ನಾನು ಡಬ್ಬಿಯವನ ಕಡೆ ತಿರುಗಿದೆ. ಅವನು ಖಾಲಿ ಡಬ್ಬಿಯನ್ನೊಮ್ಮೆ, ಗೆಳೆಯರನ್ನೊಮ್ಮೆ ನೋಡಿದ.

"ನಮ್ಮವ್ವ ಆಕಿತ್ತೋ ಇಲ್ವೋ, ನಂಗೂ ಈಗ ಡೌಟು ಸಾ."

೨. ದೊಡ್ಡವರಿಲ್ಲದ ವ್ಯವಹಾರ

ಮೊದಲ ಬೆಂಚಿನ ಹುಡುಗಿಯ ತಂದೆ ಮಲ್ಲಿಪಟ್ಟಣದ ಕಡೆಯವರು, ಶುಂಠಿ ಬೆಳೆಯುತ್ತಾರೆ. ಮಗಳು ಓದುತ್ತಿರುವುದೇನೆಂದು ವಿಚಾರಿಸಲು ಒಮ್ಮೆ ಬಂದರು.

"ಈ ಬ್ಲಾಕ್‌ಚೈನು ಅಂತೀರಲ್ಲ, ಅದ್ರ ಮ್ಯಾನೇಜರು ಯಾರು ಸಾ?"

"ಅದಕ್ಕೆ ಮ್ಯಾನೇಜರ್ ಇರಲ್ಲ ಗೌಡ್ರೇ. ಅದೇ ಅದರ ವಿಶೇಷ."

"ಮ್ಯಾನೇಜರು ಇಲ್ದಿದ್ರೆ ಓಗ್ಲಿ. ಯಾರಾನ ದೊಡ್ಡೋರು?"

"ದೊಡ್ಡೋರು ಚಿಕ್ಕೋರು ಅಂತಿಲ್ಲ. ಎಲ್ಲರೂ ಸಮ."

"ಕೆಲ್ಸ ಆಗ್ದಿದ್ರೆ ಯಾರ ಕೈಲಿ ಯೋಳ್ಸದು?"

"ಯಾರ ಕೈಲೂ ಹೇಳಿಸೋಕಾಗಲ್ಲ. ಒಂದು ಸಲ ದಾಖಲಾದ್ರೆ ಮುಗೀತು, ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ."

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕುರ್ಚಿಯ ಹತ್ತಿರ ಸರಿದು ದನಿ ತಗ್ಗಿಸಿದರು.

"ಸಾ, ನಮ್ ಮಗೀನ ಬ್ಯಾರೆ ಸಬ್ಜೆಕ್ಟ್‌ಗೆ ಆಕ್ಬುಡಿ. ಯಾರ ಕೈಲಿ ಯೋಳುಸ್ಬೇಕು ಅಂತ ಒಂದ್ ಮಾತು ಅನ್ನಿ, ಯೋಳುಸ್ತೀನಿ."

೩. ಗುಟ್ಟು

ಬ್ಲಾಕ್‌ಚೈನಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುಪ್ತ ಸಂಖ್ಯೆ ಇರುತ್ತದೆ. ಅದೇ ಅವರ ಸಹಿ. ಹಂಚುವಾಗ ಕಟ್ಟುನಿಟ್ಟಾಗಿ ಹೇಳಿದೆ: "ಇದನ್ನ ಹೆತ್ತ ತಾಯಿಗೂ ಹೇಳಬೇಡಿ."

ಮಾರನೇ ದಿನ ಹೊಳೆನರಸೀಪುರದಿಂದ ರೈಲಿನಲ್ಲಿ ಬರುವ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಗುಪ್ತ ಸಂಖ್ಯೆಗಳೂ ಹೆಸರು ಸಮೇತ ಬಂದಿದ್ದವು. ನನಗೆ ಗೊತ್ತಾದದ್ದು ಹೇಗೆಂದರೆ, ಗೌರವಕ್ಕೆಂದು ನನ್ನನ್ನೂ ಆ ಗುಂಪಿಗೆ ಸೇರಿಸಿದ್ದರು.

"ಏನ್ರೋ ಇದು? ಯಾರಿಗೂ ಹೇಳಬೇಡಿ ಅಂದಿರಲಿಲ್ವಾ?"

ಗುಂಪಿನ ನಾಯಕನಿಗೆ ನಿಜವಾಗಿಯೂ ನೋವಾಯಿತು.

"ದ್ಯಾವ್ರಾಣೆಗೂ ಅವ್ವಂಗೆ ಯೋಳಿಲ್ಲ ಸಾ!"

೪. ಸೋಮವಾರ

ಸಮಿತಿಗೆ ತೋರಿಸಲು ಮಕ್ಕಳೇ ಆರಿಸಿದ್ದು ಹಾಜರಾತಿ. ಯಾರು ಬಂದಿದ್ದಾರೆ ಎಂದು ಪ್ರತಿಯೊಬ್ಬರೂ ತಮ್ಮ ಗುಪ್ತ ಸಂಖ್ಯೆ ಹಾಕಿ ದೃಢಪಡಿಸಬೇಕು, ಬಹುಮತ ಹೇಳಿದ್ದು ದಾಖಲಾಗಬೇಕು. "ಮೇಷ್ಟ್ರ ಆಜ್ರಿನೂ ಇರ್ಲಿ ಸಾ, ನ್ಯಾಯ ಎಲ್ಲಾರ್ಗೂ ಒಂದೇ," ಎಂದರು. ಅವರ ತತ್ವನಿಷ್ಠೆ ಕಂಡು ನನ್ನ ಕಣ್ಣು ತೇವವಾಯಿತು.

ಒಂದು ಸೋಮವಾರ ಮುನ್ಸೂಚನೆ ಕೊಡದೆ ಕಿರುಪರೀಕ್ಷೆ ಮಾಡಿದೆ. ಮೊದಲ ಬೆಂಚಿನ ಹುಡುಗಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಉಳಿದವರ ಅಂಕಗಳನ್ನು ಇಲ್ಲಿ ಹೇಳುವುದು ಸಭ್ಯತೆಯಲ್ಲ. ಅರಕಲಗೂಡಿನ ಬಸ್ಸಿನವರೂ ಹೊಳೆನರಸೀಪುರದ ರೈಲಿನವರೂ ಆ ಸಂಜೆ ಕ್ಯಾಂಟೀನಿನಲ್ಲಿ ಒಟ್ಟಿಗೆ ಕುಳಿತಿದ್ದರು. ಬಹುಮತ ಕೂಡಿಸುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಮಿತಿ ಬಂತು. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಓಡಿತು. ಅಧ್ಯಕ್ಷರು ಮೆಚ್ಚಿ, ಸುಮ್ಮನೆ ಒಂದು ದಿನ ಆರಿಸಿದರು. ಅದೇ ಸೋಮವಾರ.

ವಿದ್ಯಾರ್ಥಿಗಳು: ಎಲ್ಲರೂ ಹಾಜರು. ಉಪನ್ಯಾಸಕರು: ಗೈರುಹಾಜರು.

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಮಕ್ಕಳನ್ನು ನೋಡಿದೆ. ಮಕ್ಕಳು ಫ್ಯಾನನ್ನು ನೋಡಿದರು.

ತುಪ್ಪದ ಬೆರಳಿನವನು ವಿನಯದಿಂದ ಎದ್ದ. "ಅವತ್ತು ಸಾರು ಬಂದಿರ್ನಿಲ್ಲ ಸಾ. ಅದ್ಕೇ ಟೆಸ್ಟೂ ನಡೀನಿಲ್ಲ."

"ಸುಳ್ಳು ಸಾ!" ಮೊದಲ ಬೆಂಚಿನ ಹುಡುಗಿ ಉತ್ತರಪತ್ರಿಕೆ ಎತ್ತಿ ಹಿಡಿದು ಕೂಗಿದಳು. "ನಂಗೆ ಅತ್ತೊಂಬತ್ತು ಬಂದದೆ!"

"ಒಬ್ಳ ಮಾತು ನಡೆಯಾಕಿಲ್ಲ ಕಣಮ್ಮಿ, ಕೂತ್ಕ," ಎಂದಿತು ಹಿಂದಿನ ಬೆಂಚು.

ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ, "ಅವತ್ತು ನಾನೇ ನಿಮ್ಮ ಕ್ಲಾಸಿಗೆ ಬಂದು ಮಾರ್ಕರ್ ಇಸ್ಕೊಂಡು ಹೋಗಿದ್ದೆನಲ್ರೀ!" ಎಂದರು.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದನ್ನ ತಿದ್ದಬಹುದಾ?"

ತಿದ್ದಬಹುದು ಎಂದರೆ ಇಡೀ ಸೆಮಿಸ್ಟರಿನ ಪಾಠ ಸುಳ್ಳು. ವಿಷಯ ಹೋಗುತ್ತದೆ, ಅದರ ಹಿಂದೆ ನಾನೂ ಹೋಗುತ್ತೇನೆ. ತಿದ್ದಲಾಗದು ಎಂದರೆ ಆ ದಿನ ನಾನು ಬಂದೇ ಇಲ್ಲ.

"ಬ್ರಹ್ಮ ಬಂದ್ರೂ ಆಗಲ್ಲ ಸಾರ್," ಎಂದೆ.

"ಅಂದ್ರೆ ನೀವು ಅವತ್ತು ಬಂದಿರಲಿಲ್ಲ?"

ಎರಡನೇ ಸಾಲಿನಲ್ಲಿ ಚನ್ನರಾಯಪಟ್ಟಣದ ಹುಡುಗ ಡಬ್ಬಿ ಹಿಡಿದು ಕೂತಿದ್ದ. ನನ್ನನ್ನು ಬಹಳ ಕರುಣೆಯಿಂದ ನೋಡುತ್ತಿದ್ದ.

"ಬಂದಿದ್ನೋ ಇಲ್ವೋ, ನಂಗೂ ಈಗ ಡೌಟು ಸಾರ್," ಎಂದೆ.

ಸಮಿತಿಯ ವರದಿ ಬಂದಿದೆ. ವಿಷಯ ಮುಂದಿನ ವರ್ಷಕ್ಕೂ ಇದೆ. ಪಾಠ ಮಾಡುವವನು ನಾನೇ. ಆ ಸೋಮವಾರ ಪರೀಕ್ಷೆ ನಡೆದಿಲ್ಲ.