ನಾನು ಯಶಸ್ವಿ ಪುರುಷನಾದದ್ದು

ಯಶಸ್ಸು ಎಂದರೇನು ಎಂಬ ಪ್ರಶ್ನೆ ಯಶಸ್ಸು ಸಿಕ್ಕವರನ್ನು ಕಾಡುವುದಿಲ್ಲ. ಅವರಿಗೆ ಅಷ್ಟು ಬಿಡುವೆಲ್ಲಿ? ಅದು ಕಾಡುವುದೇನಿದ್ದರೂ ನನ್ನಂಥವರನ್ನು. ಒಂದು ಖಾಸಗಿ ಕಂಪನಿಯ ಟಪಾಲು ವಿಭಾಗದಲ್ಲಿ ಹದಿನೇಳು ವರ್ಷ ಒಂದೇ ಕುರ್ಚಿಯಲ್ಲಿ ಕೂತವನು ನಾನು. ನನ್ನ ಹತ್ತಿರ ಕೆಲಸ ಕಲಿತ ಇಬ್ಬರು ನನಗೇ ಮೇಲಧಿಕಾರಿಗಳಾಗಿ, ಹೋಗುವಾಗ ಬರುವಾಗ 'ಏನ್ ಗುರುಗಳೇ' ಎಂದು ಬೆನ್ನು ತಟ್ಟುತ್ತಿದ್ದರು. ಅಷ್ಟರಲ್ಲಿ ಕುರ್ಚಿಯ ಬೆತ್ತವನ್ನು ಎರಡು ಸಲ ಬದಲಾಯಿಸಿದ್ದರು. ನನ್ನನ್ನು ಬದಲಾಯಿಸುವ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ.

ಹೀಗಿರುವಾಗ, ತೊಂಬತ್ತರ ದಶಕದ ಕೊನೆಯ ಒಂದು ನವೆಂಬರಿನಲ್ಲಿ, ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಗೆ ಯುವಕ ಸಂಘದ ಇಬ್ಬರು ಬಂದರು. 'ಸಾರ್, ಭಾನುವಾರ ರಾಜ್ಯೋತ್ಸವ. ಪ್ರೈಜ್ ಕೊಡೋಕ್ ಮುಂಚೆ ಮಕ್ಕಳಿಗೆ ಯಶಸ್ಸಿನ ಬಗ್ಗೆ ನೀವು ಎರಡು ಮಾತಾಡ್ಬೇಕು' ಎಂದರು. ಗದಗದ ಕಡೆಯಿಂದ ಬಂದು ಹದಿನೆಂಟು ವರ್ಷವಾದ ಮೇಲೆ ಈ ಊರು ನನ್ನನ್ನು ಗುರುತಿಸಿತಲ್ಲ ಎಂದು ಹಿಗ್ಗಿದೆ. 'ನಾನೇ ಯಾಕೆ?' ಎಂದು ವಿನಯದಿಂದ ಕೇಳಿದೆ. ಹೊಗಳಿಕೆಯನ್ನು ಇನ್ನೊಂದು ಸಲ ಕೇಳುವ ಆಸೆಗೆ ವಿನಯವೆಂದು ಹೆಸರು. ಆದರೆ ಅವರಲ್ಲೊಬ್ಬ ಪ್ರಾಮಾಣಿಕ. 'ಬರಬೇಕಿದ್ದ ಡಾಕ್ಟ್ರು ಊರಲ್ಲಿಲ್ಲ ಸಾರ್. ಮೈಕಿಗೆ ಹೇಗೂ ನಿಮ್ಮನೆಯಿಂದಾನೇ ಕರೆಂಟ್ ತಗೋತಾ ಇದೀವಿ' ಎಂದ.

ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಶಾಂತಾ, ಅವರು ಹೋದ ಮೇಲೆ, 'ಅಲ್ಲಿ ಏನ್ ಹೇಳಾವ್ರು ನೀವು?' ಎಂದಳು.

'ಯಶಸ್ಸಿನ ಬಗ್ಗೆ ನನಗೆ ತಿಳಿದದ್ದು.'

'ಹಂಗಾದ್ರ ಲಗೂ ಮುಗೀತದ ಬಿಡ್ರಿ.'

ನಾನು ಎದೆಗುಂದಲಿಲ್ಲ. ಬಸ್ಸಿನಲ್ಲಿ, ಬಚ್ಚಲಿನಲ್ಲಿ, ಕನ್ನಡಿಯ ಮುಂದೆ ನಾಲ್ಕು ದಿನ ಅಭ್ಯಾಸ ಮಾಡಿದೆ. ಭಾನುವಾರ ಸಂಜೆ ಶಾಮಿಯಾನದಡಿ ನಿಂತು ಶ್ರಮ, ಶಿಸ್ತು, ಸಮಯಪಾಲನೆ ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಮಕ್ಕಳ ಕಣ್ಣು ಬಹುಮಾನದ ಸ್ಟೀಲ್ ತಟ್ಟೆಗಳ ಮೇಲಿತ್ತು. ಅಷ್ಟಕ್ಕೇ ಇಳಿದಿದ್ದರೆ ಮಾನ ಉಳಿಯುತ್ತಿತ್ತು. 'ಏನಾದರೂ ಪ್ರಶ್ನೆ ಇದ್ದರೆ ಕೇಳಬಹುದು' ಎಂದುಬಿಟ್ಟೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಯಾವ ಕುಹಕವೂ ಇಲ್ಲದೆ, 'ಅಂಕಲ್, ನೀವು ಯಾವುದ್ರಲ್ಲಿ ಸಕ್ಸೆಸ್ ಆಗಿದೀರಾ?' ಎಂದು ಕೇಳಿದಳು.

ಟಪಾಲು ವಿಭಾಗದ ಹದಿನೇಳು ವರ್ಷಗಳನ್ನು ಮನಸ್ಸಿನಲ್ಲೇ ಜಾಲಾಡಿದೆ. ಏನೂ ಸಿಗಲಿಲ್ಲ. ಮೈಕು ಕುಂಯ್ ಎಂದಿತು. ಎದುರಿನ ಸಾಲಿನಲ್ಲಿದ್ದ ಶಾಂತಾ ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ನನಗೆ ನಿಜಕ್ಕೂ ಅಳು ಬರುವಂತಾಯಿತು.

ಆಗ ಎದುರು ಮನೆಯಲ್ಲೇ ಇರುವ ನಮ್ಮ ಓನರ್ ಜಯಮ್ಮ ಎದ್ದು ನಿಂತರು. ಲೇಔಟ್ ಆಗುವ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ ಅವರದು; ಅವರ ದನಿಗೆ ಮೈಕು ಬೇಕಿಲ್ಲ. 'ನಾ ಹೇಳ್ತೀನಿ ಕೇಳಮ್ಮ. ಇವ್ರು ದಿನಾ ಬೆಳಿಗ್ಗೆ ಎದ್ದು ಹೆಂಡ್ತಿಗೆ ಕಾಫಿ ಮಾಡ್ಕೊಡ್ತಾರೆ. ಒಲೆ ಮುಂದೆ ನಿಂತಿರೋದು ನಮ್ಮ ಕಿಟಕಿಯಿಂದ ಕಾಣ್ತದೆ. ನಮ್ಮನೆಯವ್ರು ಮೂವತ್ತು ವರ್ಷದಲ್ಲಿ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಿಲ್ಲ!' ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಗಂಡಸರು ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ. ಜಯಮ್ಮನವರ ಯಜಮಾನರು ಶಾಮಿಯಾನದ ತೂತುಗಳನ್ನು ಪರಿಶೀಲಿಸತೊಡಗಿದರು.

ನಿಜ ಸಂಗತಿ ಇಷ್ಟೇ: ಬೆಳಿಗ್ಗೆ ನಾನು ಒಲೆಯ ಮೇಲೆ ಕಾಯಿಸುತ್ತಿದ್ದದ್ದು ನನ್ನ ಗಡ್ಡ ಹೆರೆದುಕೊಳ್ಳುವ ನೀರು. ಅದು ಶಾಂತಾಗೂ ಗೊತ್ತು. ಆದರೆ ಅವಳೂ ಚಪ್ಪಾಳೆ ತಟ್ಟುತ್ತಿದ್ದಳು.

ಮನೆಗೆ ಬಂದ ಮೇಲೆ, 'ಖರೇ ಏನಂತ ನೀ ಹೇಳಬೇಕಿತ್ತಲ್ಲ?' ಎಂದೆ.

'ಆ ಹುಡುಗಿ ಕೇಳಿದಾಗ ನಿಮ್ಮ ಮಾರಿ ನೋಡೀನಿ ನಾನು. ಅಷ್ಟು ಮಂದ್ಯಾಗ ನಿಮ್ಮನ್ನ ಮತ್ತ ಸಣ್ಣಾವ್ರನ್ನ ಮಾಡ್ಲೇನು?' ಎಂದಳು. ನನ್ನ ಕಣ್ಣು ಒದ್ದೆಯಾಗುವಷ್ಟರಲ್ಲಿ ಮುಂದಿನ ಮಾತೂ ಬಂತು: 'ನಾಳಿಂದ ಚಾಲೂ ಮಾಡ್ರಿ. ಜಯಮ್ಮ ಕಾಫಿ ಅಂದಾರ, ನನಗ ಚಹಾ ಆದ್ರೂ ನಡೀತದ.'

ಅಂದಿನಿಂದ ನಾನು ಚಹಾ ಮಾಡುತ್ತಿದ್ದೇನೆ. ಯಶಸ್ಸು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ ಎಂದು ಭಾಷಣದಲ್ಲಿ ಹೇಳಿದ್ದೆ; ಅರ್ಥವಾದದ್ದು ಆಮೇಲೆ. ಮೊದಲ ವಾರ ಹಾಲು ಉಕ್ಕಿತು, ಎರಡನೆಯ ವಾರ ಸಕ್ಕರೆಯ ಬದಲು ಉಪ್ಪು ಬಿತ್ತು. ತಪ್ಪಿಸಿಕೊಳ್ಳೋಣವೆಂದರೆ ಎದುರು ಕಿಟಕಿಯಲ್ಲಿ ಜಯಮ್ಮ. ಒಂದು ದಿನ ಅವರ ಯಜಮಾನರು ಗೇಟಿನ ಬಳಿ ನನ್ನನ್ನು ತಡೆದು, 'ಸಾರ್, ನಿಮ್ಮಿಂದ ನಾನೂ ಈಗ ಐದೂವರೆಗೆ ಏಳ್ಬೇಕು. ನಿಮ್ಮ ಅಡುಗೆಮನೆ ಕಿಟಕಿಗೊಂದು ಕರ್ಟನ್ ಹಾಕ್ಸಿ, ಖರ್ಚು ನಂದೇ' ಎಂದು ಬೇಡಿಕೊಂಡರು. ಅವರ ಕೈಯಲ್ಲಿ ಸುಟ್ಟ ಗಾಯವಿತ್ತು. ಕೆಲಸದಲ್ಲಿ ನನ್ನನ್ನು ಯಾರೂ ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಸುಮಾರು ಆರು ತಿಂಗಳ ಬಳಿಕ ಒಂದು ಬೆಳಿಗ್ಗೆ ಶಾಂತಾ ಮುಖ ಹಿಂಡದೆ ಪೂರ್ತಿ ಲೋಟ ಖಾಲಿ ಮಾಡಿ, 'ಇನ್ನೊಂದೀಟು ಅದ ಏನು?' ಎಂದು ಕೇಳಿದಳು. ಕೊನೆಗೂ ಗೆದ್ದೆ ಎನ್ನಿಸಿತು. ಎದೆ ಉಬ್ಬಿಸಿ ಬೋಗುಣಿ ಹಿಡಿದು ಬಗ್ಗಿಸುತ್ತಾ, 'ಹೆಂಗದ ಇವತ್ತಿನ ಚಹಾ?' ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, 'ಬಿಸಿ ಅದ ನೋಡ್ರಿ, ಅಷ್ಟ ಸಾಕು. ನೆಗಡಿ ಬಂದು ನಾಲಿಗಿಗೆ ಎರಡು ದಿನದಿಂದ ಏನೂ ರುಚಿ ಹತ್ತವಲ್ದು' ಎಂದಳು.